ಬಾಯಾರು ಬರೆದ ಅವ್ವ

ಬಾಯಾರು ಯಾರನ್ನಾದರೂ ನೋಡುವಾಗ ಎಡಗಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಬಣ್ಣ ಮೆತ್ತಿದ ಹೆಬ್ಬೆರಳನ್ನು ಗಾಳಿಯಲ್ಲಿ ಎಳೆಯುತ್ತಿದ್ದರು. ಅಷ್ಟರಲ್ಲಿ ಎದುರಿಗಿದ್ದವರ ಗದ್ದದ ಕೆಳಗಿನ ಜೋಲುಚರ್ಮ ಅವರ ತಲೆಯೊಳಗೆ ಇಳಿದಿರುತ್ತಿತ್ತು. ಮೊಣಕಾಲು ಬಾತು ನರಳುತ್ತಿದ್ದ ನನಗೆ, ಬಾವು ಹೋದ ವಾರಕ್ಕಿಂತ ಚಂದ ಕಾಣುತ್ತಿದೆ ಎಂದಿದ್ದರು. ಅದು ಹೊಗಳಿಕೆಯೆಂದೇ ಅವರ ತಿಳುವಳಿಕೆ.

ನಮ್ಮ ಕಡೆ ಟೀಚರಮ್ಮನಿಗೆ ಬಾಯಾರು ಅನ್ನುತ್ತಾರೆ. ಇವರು ಹಳಿಯಾಳದ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ದಾಂಡೇಲಿಯಲ್ಲಿ ನಮ್ಮ ಮಗ್ಗುಲ ಮನೆಗೆ ಬಂದವರು. ಗಣೇಶಗುಡಿಯ ಹೋಮ್‌ಸ್ಟೇಯವನೊಬ್ಬ ಗೋಡೆಗೆ ಹಾಕಲು ಹೊಳೆಯ ಚಿತ್ರ ಕೇಳಿಕೊಂಡು ಬಂದರೆ, ಬಿಸಿಲಿಗೆ ಸಿಪ್ಪೆ ಎದ್ದ ಅವನದೇ ಹೆಗಲು ಬರೆದು ಕೈಗಿತ್ತರು. ಅವನು ಮತ್ತೆ ಈ ಕಡೆ ಸುಳಿಯಲಿಲ್ಲ.

ಇಂಥವರ ಹತ್ತಿರ ಅವ್ವನ ಚಿತ್ರ ಬರೆಸಲು ಹೋದದ್ದು ನನ್ನ ಗ್ರಹಚಾರ. ಅವ್ವನ ಎರಡೂ ತೋಳಿಗೆ ತೊನ್ನು. ಅದಕ್ಕಾಗಿ ನಡುಬೇಸಿಗೆಯಲ್ಲೂ ಮಣಿಕಟ್ಟಿನವರೆಗಿನ ಜಂಪರ್ ತೊಟ್ಟು ಬೆವರುತ್ತಿದ್ದಳು. ಮೊಬೈಲಿನಲ್ಲಿ ಕಲೆಯನ್ನೆಲ್ಲ ಅಳಿಸಿದ ಫೋಟೋ ಕೊಟ್ಟೆ. ಬಾಯಾರು ಅದನ್ನು ಹಿಂದಕ್ಕೆ ಕೊಟ್ಟು, "ಈಕಿ ಯಾರು? ನನಗ ಗುರ್ತಿಲ್ಲ" ಎಂದರು.

ಆಮೇಲೆ ಅವ್ವ ಮಧ್ಯಾಹ್ನವೆಲ್ಲ ಅವರ ಮನೆಯಲ್ಲೇ ಇರತೊಡಗಿದಳು. ಹರಟೆಗೆ ಹೋಗುತ್ತಾಳೆಂದುಕೊಂಡಿದ್ದೆ. ಮಳೆಗಾಲ ಮುಗಿದ ಮೇಲೆ ಚಿತ್ರ ಬಂತು. ತೋಳಿಲ್ಲದ ಜಂಪರು, ಸೊಂಟದ ಮೇಲೆ ಮಡಿಕೆ ಮಡಿಕೆಯಾಗಿ ಕೂತ ಹೊಟ್ಟೆ, ತೊಡೆಯ ಮೇಲೆ ಚಾಚಿದ ಎರಡು ಬಿಳಿ ಚೂರುಚೂರಿನ ತೋಳು. ಅವ್ವ ಅದನ್ನು ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿಯೇ ತೂಗುಹಾಕಿಸಿದಳು.

ನನ್ನ ಮಗಳನ್ನು ನೋಡಲು ಮುಂಡಗೋಡದಿಂದ ಬೀಗರಾಗುವವರು ಬರುವ ದಿನ, ಇದೊಂದು ದಿನ ಇಳಿಸಿಡು ಎಂದು ಗೋಗರೆದೆ. ಅವ್ವ ಕೇಳಲಿಲ್ಲ.

"ಮುಚ್ಚಿಟ್ಟು ಕೊಟ್ರ, ಅಕಿನೂ ನನ್ನಂಗ ಜಲ್ಮಾ ಪೂರ್ತಿ ಮುಚ್ಚಿಗೊಂತ ಕೂಡಬೇಕಾಗ್ತೈತಿ."

ಹುಡುಗನ ಸೋದರತ್ತೆ ಚಿತ್ರದೆದುರು ಬಹಳ ಹೊತ್ತು ನಿಂತರು. ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ ಎಂದು ಕೇಳಿದರು. ಚಹಾ ಮಾತ್ರ ಕುಡಿದು ಎದ್ದರು. ಮುಂದೆ ಸುದ್ದಿಯೇ ಇಲ್ಲ. ಉಳಿದ ಅವಲಕ್ಕಿ ತಿನ್ನುತ್ತ ಮಗಳು, ಅಜ್ಜಿಯ ಕೈ ನೋಡಿ ಓಡುವವರ ಮನೆ ತಪ್ಪಿದ್ದು ಒಳ್ಳೆಯದಾಯಿತು ಅಂದಳು. ಮೂವರು ಹೆಂಗಸರಲ್ಲಿ ತಲೆ ಸಿಡಿಯುತ್ತಿದ್ದದ್ದು ನನಗೊಬ್ಬಳಿಗೇ.

ನೇರ ಬಾಯಾರ ಮನೆಗೆ ಹೋಗಿ ಬಾಯಿಗೆ ಬಂದದ್ದು ಅಂದೆ. ಜಂಪರಿಗೆ ಉದ್ದ ತೋಳು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಅವರು ಎಡಗಣ್ಣು ಮುಚ್ಚಿ ಕೂತಿದ್ದರು.

"ಹಂಗ ನಿಂದರ್ರಿ, ಅಲಗ್ಯಾಡಬ್ಯಾಡ್ರಿ. ಕೊರಳಿನ ನರ ಚಲೋ ಎದ್ದಾವ."

ನಾನು ಬಾಗಿಲ ಕಡೆ ತಿರುಗಿದಾಗ ಸಣ್ಣ ದನಿಯಲ್ಲಿ ಹೇಳಿದರು: "ಆ ಬಿಳೀ ಬಣ್ಣ ಕೂಡಿಸಾಕ ನನಗ ಇಡೀ ಮಳಿಗಾಲ ಹಿಡೀತು. ಅದರಾಗ ಗುಲಾಬಿ ಐತಿ, ನೀಲಿ ಐತಿ. ನಿಮಗ ಬರೇ ತೊನ್ನು ಕಂಡ್ತು."

ಮನೆಗೆ ಬಂದು ಚಿತ್ರದ ಹತ್ತಿರ ಹೋಗಿ ನೋಡಿದೆ. ಗುಲಾಬಿ ಇತ್ತು. ಮೊಣಕೈ ಒಳಗೆ ನೀಲಿಯೂ ಇತ್ತು. ಅದರಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ. ಆದರೆ ಹೆತ್ತವಳ ತೋಳನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ತೋರಿಸಿದ ಬಾಯಾರಿಗೆ ಋಣಿ ಎನ್ನಲೂ ಮನಸ್ಸು ಮುನಿಯುತ್ತದೆ.

ಹೋದ ಚಳಿಗಾಲ ಬಾಯಾರು ಎದೆನೋವಿನಿಂದ ತೀರಿಕೊಂಡರು. ಬೆಳಗಾವಿಯಿಂದ ಅವರ ತಂಗಿ ಬರುವ ಹೊತ್ತಿಗೆ ಓಣಿಯ ಹೆಂಗಸರು ಮೈ ತೊಳೆಯಲು ನೀರು ಕಾಸಿದ್ದರು. ಅವ್ವ ಜಂಪರಿನ ತೋಳು ಮೇಲಕ್ಕೆ ಮಡಚಿ ಮುಂದೆ ಬಂದಳು. ತಂಗಿ ಆ ಕೈಗಳನ್ನು ಕಂಡು ಹಿಂಜರಿದು, ಬೇರೆ ಯಾರಾದರೂ ಮಾಡಲಿ ಎಂದರು. ಹಂಡೆಯ ಹತ್ತಿರ ನಿಂತಿದ್ದ ನಾನು ತಂಬಿಗೆ ಎತ್ತಿಕೊಂಡೆ.

ಅವ್ವ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಇವರು ನನ್ನ ಮೈಯೆಲ್ಲಾ ನೋಡ್ಯಾರ. ಇವರಿಗೆ ನಾನೇ ಎರೀತೇನಿ."

ನಾನು ಹಂಡೆಯಿಂದ ನೀರು ತೋಡಿ ತೋಡಿ ಅವ್ವನ ಕೈಗೆ ಕೊಡುತ್ತ ಹೋದೆ.