ಹದಿನೈದು ಕಿಲೋದೊಳಗೆ

ಕೆಮುಂಟೋಗೆ ವಯಸ್ಸು ಐವತ್ತು, ಅವಳ ಬೆನ್ನಿಗೆ ಎಪ್ಪತ್ತು. ಇಪ್ಪತ್ತೈದು ವರ್ಷದಿಂದ ನೈರೋಬಿಯಿಂದ ಎಲ್ಲೆಲ್ಲಿಗೋ ಹಾರಿ ಫೋಟೋ ತೆಗೆದು ಬದುಕಿದವಳು. ಎರಡು ಕ್ಯಾಮೆರಾ, ಐದು ಲೆನ್ಸು, ಮುಕ್ಕಾಲಿ ಎಲ್ಲ ಹೊತ್ತು ಹೊತ್ತು ಬಲಭುಜ ಎರಡು ಬೆರಳು ಕೆಳಗಿಳಿದಿತ್ತು. ಹಾಗಾಗಿ ಈಚೆಗೆ ಚೀಲ ಹಗುರ ಮಾಡುವುದೇ ಅವಳಿಗೆ ವ್ರತ. ಮೊದಲು ಮುಕ್ಕಾಲಿ ಹೋಯಿತು. ಆಮೇಲೆ ಭಾರದ ಕ್ಯಾಮೆರಾಗಳನ್ನು ಮಾರಿ, ಅಂಗೈಯಲ್ಲಿ ಕೂರುವಂಥ ಎರಡು ಪುಟ್ಟವನ್ನು ಕೊಂಡಳು. ಗೇಣುದ್ದದ ಒಂದು ದಪ್ಪ ಲೆನ್ಸನ್ನು ಮಾತ್ರ ಬಿಡಲಾರಳು. ಅದು ಕೈಯಲ್ಲಿದ್ದರೆ ಗಂಡಸು ಫೋಟೋಗ್ರಾಫರುಗಳೂ ಸರಿದು ದಾರಿ ಬಿಡುತ್ತಿದ್ದರು. ಕೆಲಸಕ್ಕಿಂತ ಗತ್ತಿಗೇ ಅದು ಹೆಚ್ಚು ಎಂದು ಯಾರಾದರೂ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಸುಳ್ಳಾಗಿದ್ದರೆ ಅಷ್ಟು ಬರುತ್ತಿರಲಿಲ್ಲ.

ಈ ಸಲ ಹೊರಟಿದ್ದು ಉತ್ತರಕ್ಕೆ, ತುರ್ಕಾನಾ ಸರೋವರದ ದಂಡೆಯ ಒಂದು ಹಳ್ಳಿಗೆ. ಹೊಸ ಕೊಳವೆಬಾವಿಯ ಚಿತ್ರ ಬೇಕೆಂದು ಒಂದು ಸಂಸ್ಥೆ ಕಳಿಸಿತ್ತು. ಹೋದ ವರ್ಷವೂ ಅಲ್ಲಿಗೆ ಹೋಗಿದ್ದಳು. ಆಗ ನವೋಯಿ ಎಂಬ ಮುದುಕಿ ಮುಖಕ್ಕೆ ಕೈ ಅಡ್ಡ ಹಿಡಿದು ಬೈದಿದ್ದಳು.

"ಬರ್ತೀರಿ, ನಮ್ಮ ಮುಖಾನೆಲ್ಲ ಚೀಲಕ್ಕೆ ತುಂಬ್ಕೊಂಡು ಹೋಗ್ತೀರಿ. ಚಿತ್ರ ತಂದುಕೊಡ್ತೀನಿ ಅಂದೋರು ಒಬ್ಬರಾದ್ರೂ ತಿರುಗಿ ಬಂದ್ರಾ? ನಿಂತ ಕಾಲಲ್ಲೇ ನನ್ನ ಕೈಗೆ ಬರೋದಾದ್ರೆ ತೆಗಿ."

ಪಕ್ಕದಲ್ಲಿ ಅವಳ ತಂಗಿ ಅಕಾಯಿ ಕೊರಳ ಮಣಿಸರಗಳನ್ನು ಸರಿಮಾಡಿಕೊಂಡು ಆಗಲೇ ಸಜ್ಜಾಗಿ ಕೂತಿದ್ದಳು. ಅಕ್ಕ ಅವಳನ್ನೂ ರಟ್ಟೆ ಹಿಡಿದು ಎಬ್ಬಿಸಿಬಿಟ್ಟಳು. "ಮುಂದಿನ ಸಲ ಹಾಗೇ ಕೊಡ್ತೀನಿ ಅಜ್ಜಿ" ಎಂದು ಕೆಮುಂಟೋ ಮಾತು ಕೊಟ್ಟು ಬಂದಿದ್ದಳು. ಆ ಮಾತಿಗಾಗಿಯೇ ಈಗ ಚೀಲದಲ್ಲಿ ಬ್ಯಾಟರಿಯ ಪುಟ್ಟ ಪ್ರಿಂಟರು, ನೂರು ಹಾಳೆ ಕಾಗದ. ಎಲ್ಲ ಸೇರಿ ಎರಡು ಕಿಲೋ.

ಒಂಬತ್ತು ಸೀಟಿನ ವಿಮಾನ. ತಲೆಗೆ ಹದಿನೈದು ಕಿಲೋ, ಅದರ ಮೇಲೆ ಒಂದು ಗ್ರಾಮೂ ಇಲ್ಲ. ದೊಡ್ಡ ವಿಮಾನಗಳಲ್ಲಿ ಕಲಿತ ವಿದ್ಯೆಯಂತೆ ಕೆಮುಂಟೋ ದೊಡ್ಡ ಲೆನ್ಸನ್ನು ಜಾಕೆಟ್ಟಿನ ಒಳಜೇಬಿಗೆ ಇಳಿಸಿ, ಏನೂ ಅರಿಯದವಳಂತೆ ಚೀಲವನ್ನು ತಕ್ಕಡಿಗಿಟ್ಟಳು. ಸರಿಯಾಗಿ ಹದಿನೈದು.

"ಈಗ ನೀವು ಹತ್ತಿ ಅಕ್ಕಾ" ಎಂದ ತೂಗುವ ಚೆಬೋಯಿ. "ಇವತ್ತು ಲಸಿಕೆ ಪೆಟ್ಟಿಗೆ ಇದಾವೆ. ಆಳನ್ನೂ ತೂಗ್ತೀವಿ."

"ಹೆಂಗಸರ ತೂಕ ಕೇಳ್ತಾರೇನಪ್ಪಾ?"

"ನಾನು ಕೇಳಲ್ಲ, ವಿಮಾನ ಕೇಳುತ್ತೆ. ಜಾಕೆಟ್ ಬಿಚ್ಬೇಡಿ, ಹಾಗೇ ಹತ್ತಿ."

ಅವಳ ಜಾಣತನ ಅಲ್ಲೇ ಮಕಾಡೆ ಮಲಗಿತು. ಟಿಕೆಟ್ಟಿಗೆ ಬರೆಸಿದ್ದ ತೂಕಕ್ಕಿಂತ ಎರಡು ಕಿಲೋ ಹೆಚ್ಚು. ಲಸಿಕೆಯನ್ನಂತೂ ಇಳಿಸುವಂತಿಲ್ಲ. ಅವಳು ಮೊದಲು ತೆಗೆದಿಟ್ಟದ್ದು ಪ್ರಿಂಟರನ್ನೇ. ಅದನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹೋದವಳಿಗೆ, ಮಣಿಸರ ಸರಿಮಾಡಿಕೊಂಡು ಕೂತಿದ್ದ ಅಕಾಯಿಯ ನೆನಪಾಯಿತು. ನಾಚಿಕೆಯಾಯಿತು. ತಿರುಗಿ ಬಂದು ಲೆನ್ಸನ್ನು ಮೇಜಿಗಿಟ್ಟು ಪ್ರಿಂಟರನ್ನು ಎತ್ತಿಕೊಂಡಳು.

"ಹುಷಾರು, ನನ್ನ ಮಗು ಅದು."

"ಹೊತ್ತು ಹೊತ್ತಿಗೆ ಹಾಲು ಕುಡಿಸ್ತೀನಿ, ಹೋಗ್ಬನ್ನಿ" ಎಂದ ಚೆಬೋಯಿ.

ಹಳ್ಳಿಯಲ್ಲಿ ದೂರ ನಿಂತು ತೆಗೆಯುವ ಸೌಕರ್ಯ ಇರಲಿಲ್ಲ. ಪ್ರತಿಯೊಬ್ಬರ ಹತ್ತಿರವೂ ಹೋಗಬೇಕಾಯಿತು, ಮಾತಾಡಬೇಕಾಯಿತು, ಕೊಟ್ಟ ಟೀ ಕುಡಿಯಬೇಕಾಯಿತು. ಬೆನ್ನು ನೋಯದೆ ಅವಳು ಒಂದಿಡೀ ದಿನ ಕಳೆದು ಎಷ್ಟೋ ವರ್ಷವಾಗಿತ್ತು. ಸುಖವಾಗಿದ್ದಳು. ಬಾವಿಯ ಕೆಲಸ ಮುಗಿಸಿ ಪ್ರಿಂಟರು ಹೊರತೆಗೆಯುವಷ್ಟರಲ್ಲಿ ನವೋಯಿ ಬಂದಳು. ಒಬ್ಬಳೇ ಬಂದಳು.

"ಅಕಾಯಿ ಅಜ್ಜಿ ಎಲ್ಲಿ?"

"ಮಳೆಗೆ ಮುಂಚೆ ಹೋಗ್ಬಿಟ್ಳು. ಅವಳ್ದು ಒಂದೂ ಚಿತ್ರ ಇಲ್ಲ. ಅವಳಿಗೆ ಆಸೆ ಇತ್ತು. ನಾನೇ ಎಬ್ಬಿಸಿದೆ."

"ನಾನು ಅವತ್ತೇ ಇದನ್ನ ತರಬೇಕಿತ್ತು ಅಜ್ಜಿ" ಎಂದಳು ಕೆಮುಂಟೋ.

"ತೆಗಿ, ತೆಗಿ. ಬಿಸಿಲು ಹೋಗ್ತಾ ಇದೆ."

ತಾಳೆಗರಿಯ ಚಾಪೆಯ ಒಂದು ತುದಿಗೆ ಮುದುಕಿ ಕೂತಳು. ನಡುವಿಗೆ ಸರಿ ಎಂದು ಕೆಮುಂಟೋ ಕೈಸನ್ನೆ ಮಾಡಿದಳು. ಮುದುಕಿ ಅಲುಗಲಿಲ್ಲ. ಖಾಲಿ ಜಾಗ ಕಂಡು ಕೂರಲು ಬಂದ ನೆರೆಮನೆಯವಳನ್ನು ಗದರಿ ಕಳಿಸಿದಳು. ಅದು ಯಾರ ಜಾಗ ಎಂದು ಆಗ ಕೆಮುಂಟೋಗೆ ತಿಳಿಯಿತು. ಇಡೀ ಚಾಪೆ ಚೌಕಟ್ಟಿನೊಳಗೆ ಬರುವಂತೆ ಹಿಂದೆ ಸರಿದು ಗುಂಡಿ ಒತ್ತಿದಳು.

ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬಂತು; ಮೊದಲು ಹಳದಿ, ಆಮೇಲೆ ಕೆಂಪು, ಆಮೇಲೆ ನೀಲಿ ಕೂಡಿಕೊಂಡಿತು, ಕೊನೆಗೆ ಹೊಳಪು. ನೋಡುತ್ತಿದ್ದವರೆಲ್ಲ ಹೋ ಎಂದರು. ನವೋಯಿ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಳು. ತನ್ನ ಮುಖವನ್ನು ಒಂದು ಗಳಿಗೆ ನೋಡಿ, ಬೆರಳನ್ನು ಪಕ್ಕದ ಖಾಲಿ ಚಾಪೆಯ ಮೇಲೆ ನಿಧಾನವಾಗಿ ಆಡಿಸಿದಳು.

"ಚೆನ್ನಾಗಿ ಬಂದಿದಾಳೆ" ಎಂದಳು. "ಇನ್ನೊಂದು ತೆಗಿ. ಇದು ಅವಳ ಮಗಳಿಗೆ."

ಕೆಮುಂಟೋ ಇನ್ನೊಂದು ಹಾಳೆ ಹಾಕಿದಳು.