ಬೆಕ್ಕಣ್ಣ ತೆಗೆದ ನಿದ್ದೆಯ ಚಿತ್ರ

ಅವನಿಗೆ ಬೆಕ್ಕಣ್ಣ ಎಂದು ಹೆಸರಿಟ್ಟವರು ನಾವೇ. ಕಣ್ಣು ಬೆಕ್ಕಿನದೇನಲ್ಲ, ಹೆಜ್ಜೆ ಬೆಕ್ಕಿನದು. ನಾವು ಯಾರದೋ ಚಿತ್ರವನ್ನು ಜಾಲಾಡುತ್ತಾ ಕೂತಿರುವಾಗ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದು ಬೆನ್ನ ಹಿಂದೆ ನಿಂತಿರುತ್ತಿದ್ದ. ಹೊಟ್ಟೆಪಾಡಿಗೆ ಸೆಲೂನು. ಮಾರುಕಟ್ಟೆ ರಸ್ತೆಯ ತಿರುವಿನಲ್ಲಿ ಎರಡು ಕುರ್ಚಿ, ಎರಡು ಕನ್ನಡಿ, ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚಾದ ಒಂದು ಫ್ಯಾನು. ಕೈ ಬಲು ಹಗುರ. ಗಡ್ಡಕ್ಕೆಂದು ಬಂದವರು ಅವನು ನೊರೆ ಹಚ್ಚಿ ಮುಗಿಸುವಷ್ಟರಲ್ಲಿ ಕುರ್ಚಿಯಲ್ಲೇ ತೂಕಡಿಸಿಬಿಡುತ್ತಿದ್ದರು.

ಅವನ ಹುಚ್ಚು ಶುರುವಾದದ್ದು ಅಲ್ಲಿಂದಲೇ. "ಎಚ್ಚರ ಇರೋವಾಗ ಎಲ್ರೂ ಕನ್ನಡಿಗೆ ಬೇಕಾದ ಮುಖ ಹಾಕ್ಕೊಂಡು ಕೂತಿರ್ತಾರೆ ಅಣ್ಣ. ನಿದ್ದೆ ಬಂದ ಮೇಲೇನೇ ಅವರದ್ದು ಅಂತ ಒಂದು ಮುಖ ಬರೋದು," ಎನ್ನುತ್ತಿದ್ದ. ಭಾವ ಬಿಟ್ಟುಹೋದ ಹಳೆಯ ಕ್ಯಾಮೆರಾ ಕೈಗೆ ಸಿಕ್ಕಿದ ಮೇಲೆ ಮಲಗಿದವರೇ ಅವನ ಪ್ರಪಂಚ. ಬಸ್ಸಿನ ಕಿಟಕಿಗೆ ತಲೆಯಾನಿಸಿದವರು, ತಕ್ಕಡಿಯ ಪಕ್ಕ ಕುಳಿತಲ್ಲೇ ಕಣ್ಣು ಮುಚ್ಚಿದ ತರಕಾರಿಯವಳು, ಮೂಟೆಗಳ ಮೇಲೆ ಮೂಟೆಯಂತೆಯೇ ಬಿದ್ದುಕೊಂಡ ಹಮಾಲರು. ಹೆಂಡತಿಗೆ ಇದೇ ದೂರು. "ಮದುವೆ ಆದಾಗಿಂದ ನಾನು ಎದ್ದಿರೋವಾಗ ಒಂದು ಫೋಟೋ ತೆಗೆದಿಲ್ಲ ಈ ಮನುಷ್ಯ. ನನ್ನ ಗೊರಕೆಗೆ ಮಾತ್ರ ದೊಡ್ಡ ಮರ್ಯಾದೆ," ಎಂದು ಎಲ್ಲರ ಮುಂದೆಯೇ ಹೇಳುತ್ತಿದ್ದಳು.

ನನ್ನದು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿಯ ಮೇಲಿನ ಕೋಣೆಯಲ್ಲಿ ಗಾಜಿನ ಹಾಳೆ, ಮರದ ಪಟ್ಟಿಗಳ ನಡುವೆ ಒಂದು ಉದ್ದನೆಯ ಮೇಜಿದೆ. ವಾರಕ್ಕೊಂದು ಸಂಜೆ, ಸೆಲೂನಿಗೆ ರಜೆಯಿರುವ ದಿನ, ಫೋಟೋ ಹುಚ್ಚಿನವರು ನಾವು ನಾಲ್ಕಾರು ಜನ ಅಲ್ಲಿ ಸೇರುತ್ತಿದ್ದೆವು. ಹಿರಿಯರೆಂದರೆ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ಕಟ್ಟುನಿಟ್ಟಿನ ನಿಯಮ ಮಾಡಿದ್ದವರೂ ಅವರೇ. ಚಿತ್ರ ಮೇಜಿನ ಮೇಲಿಟ್ಟವನು ಎಲ್ಲರೂ ಮಾತಾಡಿ ಮುಗಿಸುವ ತನಕ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಮಾತಾಡುವವರು ಬರೀ 'ಚೆನ್ನಾಗಿದೆ' ಎಂದು ಕೈ ತೊಳೆದುಕೊಳ್ಳುವಂತಿಲ್ಲ, ಏಕೆ ಎಂದು ಹೇಳಬೇಕು. 'ಚೆನ್ನಾಗಿಲ್ಲ' ಎಂದರಂತೂ ಏನು ಮಾಡಿದರೆ ಚೆನ್ನಾಗುತ್ತದೆ ಎಂದೂ ಹೇಳಬೇಕು.

ಬೆಕ್ಕಣ್ಣ ಮೊದಲ ಸಲ ತಂದ ಚಿತ್ರಕ್ಕೆ ಚೆನ್ನಾಗಿಯೇ ಪೂಜೆಯಾಯಿತು. "ಮಲಗಿದವನ ತಲೆ ಮೇಲೆ ಕರೆಂಟ್ ಕಂಬ ಹುಟ್ಟಿದೆಯಲ್ಲಪ್ಪ, ಪಾಪ ಅವನಿಗೆ ಭಾರ ಆಗಲ್ವಾ?" ಎಂದರು ಮೇಷ್ಟ್ರು. "ಪಾದ ಎಲ್ಲಿ ಬಿಟ್ಟು ಬಂದೆ?" ಎಂದು ನಾನು ಕೇಳಿದೆ. ಮುಖ ಸಣ್ಣಗೆ ಮಾಡಿಕೊಂಡು ಹೋದವನು ಕೆಲವು ವಾರ ಇತ್ತ ತಲೆ ಹಾಕಲಿಲ್ಲ. ಇವನ ಕಥೆ ಮುಗಿಯಿತು ಎಂದುಕೊಂಡೆವು. ಒಂದು ದಿನ ಮತ್ತೆ ಬಂದ. ಕಂಬ ಇರಲಿಲ್ಲ, ಪಾದ ಇತ್ತು. ಅಂದಿನಿಂದ ಹೇಳಿದ್ದನ್ನೆಲ್ಲ ಕಿವಿಗೆ ಹಾಕಿಕೊಂಡು ಬೆಳೆದ. ಅವನಿಗೆ ಉಳಿದಿದ್ದ ಒಂದೇ ದೋಷ ಆತುರ. ಯಾರಾದರೂ ಎಚ್ಚರಗೊಂಡು ಬೈದಾರೆಂಬ ಹೆದರಿಕೆಯಲ್ಲಿ ಟಿಕ್ ಎಂದು ಒತ್ತಿ ಓಡಿಬಿಡುತ್ತಿದ್ದ. ಮೇಷ್ಟ್ರು ಅದನ್ನೂ ತಿದ್ದಿದರು. "ಆತುರಗಾರನಿಗೆ ಬುದ್ಧಿ ಮಟ್ಟ ಕಣೋ. ನಿಂತ್ಕೋ. ಬೆಳಕು ತಾನಾಗೇ ಮುಖದ ಮೇಲೆ ಬರೋ ತನಕ ಕಾಯಿ. ತಾಳಿದವನು ಬಾಳಿಯಾನು." ನಾವೆಲ್ಲ ಹೌದು ಹೌದು ಎಂದು ತಲೆಯಾಡಿಸಿದ್ದೆವು.

ಅದಾದ ಕೆಲವು ವಾರಗಳ ಮೇಲೆ ಒಂದು ಸಂಜೆ ಅವನು ತಂದ ಚಿತ್ರವನ್ನು ನೋಡಿ ನನಗೆ ಹೊಟ್ಟೆಕಿಚ್ಚಾದದ್ದು ನಿಜ. ರೈಲು ನಿಲ್ದಾಣದ ಕಾಯುವ ಕೋಣೆ. ಬೆಂಚಿನ ಮೂಲೆಗೆ ಒರಗಿಕೊಂಡ ಒಬ್ಬ ಮುದುಕ. ಮೇಲಿನ ಕಿಂಡಿಯಿಂದ ಇಳಿದ ಬೆಳಗಿನ ಬಿಸಿಲು ಸರಿಯಾಗಿ ಅವನ ಹಣೆ, ಕೆನ್ನೆ, ಕುರುಚಲು ಗಡ್ಡದ ಮೇಲೆ ಬಿದ್ದಿದೆ. ಸುತ್ತ ಎಲ್ಲ ಮಬ್ಬು. ಲೋಕದ ಗೊಡವೆ ನನಗೇಕೆ ಎಂಬಂಥ ಮುಖ.

"ಕಾದಿದ್ದೀಯ," ಎಂದರು ಮೇಷ್ಟ್ರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು. "ಬೆಳಕು ನೋಡಿ, ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಮ್ಮಿ ಇಲ್ಲ. ಬಲಗಡೆ ಒಂದಿಷ್ಟು ಗೋಡೆ ಕತ್ತರಿಸಬಹುದು, ಅಷ್ಟೇ." ನಾನು, ಇದಕ್ಕೆ ಕಪ್ಪು ಕಟ್ಟು ಹಾಕಿದರೆ ಯಾವ ಪ್ರದರ್ಶನಕ್ಕೂ ಹೋಗುತ್ತದೆ ಎಂದೆ. ಬೆಕ್ಕಣ್ಣ ನಿಯಮದಂತೆ ಬಾಯಿ ಮುಚ್ಚಿಕೊಂಡಿದ್ದ. ಆದರೆ ಕಿವಿಯವರೆಗೂ ನಗು.

ಅಷ್ಟರಲ್ಲಿ ನರ್ಸಕ್ಕ ಬಂದಳು. ದೊಡ್ಡಾಸ್ಪತ್ರೆಯಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಯಾವಾಗಲೂ ಅರ್ಧ ಸಭೆ ಮುಗಿದಿರುತ್ತಿತ್ತು. ಚೀಲವನ್ನು ಹೆಗಲಿನಿಂದ ಇಳಿಸುತ್ತಲೇ ಮೇಜಿನತ್ತ ಬಗ್ಗಿದಳು. ಚೀಲ ಅರ್ಧಕ್ಕೇ ನಿಂತಿತು.

"ಇದು ಯಾವಾಗ ತೆಗ್ದಿದ್ದು?"

ಬೆಕ್ಕಣ್ಣ ಮೇಷ್ಟ್ರ ಮುಖ ನೋಡಿದ. ಮಾತಾಡಬಹುದೋ ಬೇಡವೋ ಎಂದು.

"ನಿಯಮ ಆಮೇಲೆ. ನಿನ್ನೇ ಕೇಳ್ತಿರೋದು, ಯಾವಾಗ?" ಎಂದಳು ನರ್ಸಕ್ಕ.

"ಮೊನ್ನೆ ಅಕ್ಕ. ಬೆಳಿಗ್ಗೆ, ಅಂಗಡಿ ತೆಗೆಯೋ ಮುಂಚೆ."

"ಇವರು ನಿದ್ದೆ ಮಾಡ್ತಿಲ್ಲ."

ನಮಗೆ ಅರ್ಥವಾಗಲಿಲ್ಲ. ಇದೂ ಒಂದು ವಿಮರ್ಶೆಯೇನೋ, ನಿದ್ದೆಯ ಭಾವ ಬಂದಿಲ್ಲ ಎನ್ನುತ್ತಿದ್ದಾಳೇನೋ ಎಂದು ನಾನು ಕಾದೆ. ಅವಳು ಬೆರಳಿಟ್ಟು ತೋರಿಸಿದಳು. ಬಲಗೆನ್ನೆ ಜೋತುಬಿದ್ದಿದೆ, ಎಡಗೆನ್ನೆ ಇಲ್ಲ. ಬಾಯಿ ಒಂದು ಕಡೆಗೆ ಜಾರಿದೆ. ಬಲಗೈ ಮೈಯ ಕೆಳಗೆ ಮಡಿಚಿ ಸಿಕ್ಕಿಕೊಂಡಿದೆ. "ಮಲಗಿರೋವ್ರು ಯಾರೂ ಕೈನ ಹೀಗೆ ಬಿಟ್ಕೊಳ್ಳಲ್ಲ, ನೋವಿಗೆ ಎಚ್ಚರ ಆಗುತ್ತೆ. ಇವರಿಗೆ ಆ ಕೈ ಇರೋದೇ ಗೊತ್ತಿಲ್ಲ. ಇದು ಲಕ್ವ ಹೊಡೆದಿರೋ ಮುಖ. ಆಗ ತಾನೇ ಹೊಡೆದಿರೋದು."

ಬೆಕ್ಕಣ್ಣನ ಮುಖದ ನಗು ಹೋಗಬೇಕೆಂಬುದು ಅದಕ್ಕೇ ಮರೆತಂತೆ ಇನ್ನೂ ಅಲ್ಲೇ ಇತ್ತು. "ಉಸಿರಾಡ್ತಿದ್ರು ಅಕ್ಕ," ಎಂದ. "ಎದೆ ಏಳ್ತಾ ಇತ್ತು, ನಾನೇ ನೋಡಿದೀನಿ. ಬಿಸಿಲು ಕಿಂಡಿಯಿಂದ ಇಳಿದು ಮುಖಕ್ಕೆ ಬರೋ ತನಕ ಅಲ್ಲೇ ನಿಂತಿದ್ನಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಕುರ್ಚಿ ಹುಡುಕದೆ ನೆಲದ ಮೇಲೇ ಕುಳಿತ.

ಕ್ಯಾಮೆರಾ ಅವನ ಹೆಗಲಲ್ಲೇ ಇತ್ತು. ಉಳಿದ ಚಿತ್ರಗಳನ್ನು ತೋರಿಸೆಂದು ನರ್ಸಕ್ಕ ಕೇಳಿದಳು. ಹಿಂಬದಿಯ ಪುಟ್ಟ ಪರದೆಯ ಸುತ್ತ ನಾವೆಲ್ಲ ತಲೆ ಸೇರಿಸಿದೆವು. ಬಿಸಿಲು ಇನ್ನೂ ಗೋಡೆಯ ಮೇಲಿದೆ. ಬಿಸಿಲು ಭುಜಕ್ಕೆ ಬಂದಿದೆ. ಆಮೇಲೆ ಒಂದು ಚಿತ್ರ ಬಂತು. ಅದರಲ್ಲಿ ಮುದುಕನ ಎಡಗೈಯ ಜಾಗದಲ್ಲಿ ಬೆಂಚಿನಿಂದ ಮೇಲಕ್ಕೆದ್ದ ಒಂದು ಬಿಳಿಯ ಮಸುಕು ಮಾತ್ರ ಇತ್ತು.

"ಇದೇನು?" ಎಂದರು ಮೇಷ್ಟ್ರು.

"ಅಲುಗಾಡಿದೆ ಅಂತ ಬಿಟ್ಟಿದ್ದೆ," ಎಂದ ಬೆಕ್ಕಣ್ಣ. ದನಿ ಎಲ್ಲಿಂದಲೋ ಬಂದಂತಿತ್ತು.

ಮುಂದಿನ ಚಿತ್ರದಲ್ಲಿಯೂ ಮಸುಕು, ಇನ್ನೂ ಕೊಂಚ ಮೇಲೆ. ಅದರಲ್ಲಿ ಕಣ್ಣು ಮುಚ್ಚಿರಲಿಲ್ಲ. ಸೀಳಿನಷ್ಟು ತೆರೆದಿತ್ತು, ನೇರವಾಗಿ ಕ್ಯಾಮೆರಾದ ಕಡೆಗೆ. ಅದರ ಮುಂದಿನದರಲ್ಲಿ ಕೈ ಕೆಳಗೆ ಬಿದ್ದಿತ್ತು, ಕಣ್ಣು ಮುಚ್ಚಿತ್ತು, ಬಿಸಿಲು ಹಣೆಗೆ ಬಂದಿತ್ತು. ನಾವು ಇಷ್ಟು ಹೊತ್ತು ಮೆಚ್ಚಿ ಮಾತಾಡಿದ್ದು ಅದನ್ನೇ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಸಂಜೆ ಅವರು ಮತ್ತೆ ಅದನ್ನು ಹಾಕಿಕೊಳ್ಳಲಿಲ್ಲ. ನನ್ನ ಕೈ ಹಿಡಿದು ಮೆಟ್ಟಿಲಿಳಿದರು.

ಮರುದಿನ ಬೆಳಿಗ್ಗೆ ಸೆಲೂನಿನ ಬಾಗಿಲು ಅರ್ಧ ತೆಗೆದವನು ಮತ್ತೆ ಎಳೆದುಬಿಟ್ಟು ನನ್ನ ಅಂಗಡಿಗೆ ಬಂದ. "ಅಣ್ಣ, ಒಬ್ಬನೇ ಹೋಗೋ ಧೈರ್ಯ ಇಲ್ಲ," ಎಂದ. ಇಬ್ಬರೂ ನಿಲ್ದಾಣಕ್ಕೆ ಹೋದೆವು. ಅದೇ ಬೆಂಚಿನ ಮೇಲೆ ಯಾರೋ ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದರು. ಕಸ ಗುಡಿಸುವ ಹೆಂಗಸನ್ನು ಕೇಳಿದೆವು.

"ಅವತ್ತಿನ ಅಜ್ಜನ್ನ ಕೇಳ್ತಿದೀರಾ? ಕಾಲೆತ್ತಿ ಅಜ್ಜ, ಗುಡಿಸ್ಬೇಕು ಅಂದೆ. ಎತ್ತಲಿಲ್ಲ. ಕೆಪ್ಪೇನೋ ಅಂತ ಕಾಲಿಗೆ ಪೊರಕೆ ತಟ್ಟಿದೆ. ಆಗ ನನ್ನ ಮುಖ ನೋಡಿದ್ರು ನೋಡಿ, ನನ್ನ ಜೀವ ಬಾಯಿಗೆ ಬಂತು. ಕಿರುಚಿಬಿಟ್ಟೆ. ಆಂಬುಲೆನ್ಸಲ್ಲಿ ತಗೊಂಡು ಹೋದ್ರು. ಬದುಕಿದ್ದಾರೋ ಇಲ್ವೋ, ಆ ದೇವರೇ ಬಲ್ಲ."

"ಎಷ್ಟೊತ್ತಿಗಮ್ಮ?" ಎಂದ ಬೆಕ್ಕಣ್ಣ.

"ಮಧ್ಯಾಹ್ನದ ಗಾಡಿ ಬರೋ ಹೊತ್ತಿಗೆ."

ಅವನು ಬೆಂಚಿನ ಬೆನ್ನು ಹಿಡಿದುಕೊಂಡ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ಗಂಟೆಗಳನ್ನು ಇನ್ನೊಂದು ಕೈಯ ಬೆರಳು ಮಡಿಚಿ ಎಣಿಸಿದ.

ನರ್ಸಕ್ಕ ಅಷ್ಟರಲ್ಲಿ ವಾರ್ಡು ಪತ್ತೆ ಹಚ್ಚಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದು, ಬನ್ನಿ ಎಂದು ಕೈಸನ್ನೆ ಮಾಡಿ ಬಿರಬಿರನೆ ಮುಂದೆ ನಡೆದಳು. ಅವಳ ಅವಸರ ನೋಡಿ ನಾನು ಕೆಟ್ಟದ್ದನ್ನೇ ಎಣಿಸಿದ್ದೆ. ಉದ್ದನೆಯ ಕೋಣೆ, ಕಬ್ಬಿಣದ ಮಂಚಗಳು, ಫಿನಾಯಿಲ್ ವಾಸನೆ. ಕೊನೆಯ ಮಂಚದ ಹತ್ತಿರ ಬೆಕ್ಕಣ್ಣ ಕಲ್ಲಾಗಿ ನಿಂತ. ಮುದುಕ ದಿಂಬಿಗೆ ಒರಗಿ ಕುಳಿತಿದ್ದರು! ಮಗಳು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು, ಅರ್ಧ ಒಳಗೆ, ಅರ್ಧ ಗಲ್ಲದ ಮೇಲೆ.

ಬದುಕಿದ್ದಾರೆ ಎಂಬ ಸಂತೋಷಕ್ಕೆ ಒಂದು ಗಳಿಗೆಯೂ ಸಿಗಲಿಲ್ಲ. ಮುದುಕ ಬೆಕ್ಕಣ್ಣನನ್ನು ನೋಡಿದರು. ಅವರ ಎಡಗೈ ಮೇಲಕ್ಕೆ ಬಂತು. ಹೆಬ್ಬೆರಳು ಮತ್ತು ತೋರುಬೆರಳನ್ನು ಕಣ್ಣಿನ ಹತ್ತಿರ ತಂದು, ಒತ್ತಿದಂತೆ ಮಾಡಿದರು. ವಾರೆಯಾದ ಬಾಯಿಂದ ಒಂದು ಸದ್ದು ಹೊರಟಿತು.

"ಟಿಕ್."

ಮತ್ತೆ, "ಟಿಕ್... ಟಿಕ್."

"ಏನಪ್ಪಾ ಅದು? ಎರಡು ದಿನದಿಂದ ಇದನ್ನೇ ಹೇಳ್ತಿದ್ದಾರೆ, ಗಡಿಯಾರ ಬೇಕಾ ಅಂದ್ರೆ ಬೇಡ ಅಂತಾರೆ," ಎಂದು ಮಗಳು ನಮ್ಮತ್ತ ತಿರುಗಿದಳು.

ಅವನು ಮುಚ್ಚಿಡಲಿಲ್ಲ. ಮಂಚದ ಕಾಲ ಬಳಿ ಕುಸಿದು ಕುಳಿತು, ತಡವರಿಸುತ್ತಾ ಎಲ್ಲ ಹೇಳಿದ. ಮಗಳು ಚಮಚ ಹಿಡಿದೇ ಕೇಳಿದಳು. ಕೊನೆಗೆ, "ನನ್ನಪ್ಪ ಕೈಯೆತ್ತಿ ಕರೀತಿದ್ರು. ನೀವು ಬಿಸಿಲಿಗೆ ಕಾಯ್ತಿದ್ರಿ," ಎಂದಳು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. "ಏಳಿ, ಹೊರಗೆ ಹೋಗಿ."

ನಾವು ಎದ್ದೆವು. ಮುದುಕ ಮಂಚದ ಸರಳನ್ನು ಬಡಿದರು. ಬೆಕ್ಕಣ್ಣನ ಕೈಯಲ್ಲಿದ್ದ ಲಕೋಟೆಯತ್ತ ಬೆರಳು ತೋರಿಸಿದರು. ಆ ಚಿತ್ರ ಅದರೊಳಗಿತ್ತು. ಏಕೆ ತಂದಿದ್ದನೋ, ಅವನಿಗೂ ತಿಳಿಯದು. ಮಗಳು ಬೇಡವೆಂದಳು, ಅವರು ಮತ್ತೆ ಬಡಿದರು. ಚಿತ್ರವನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಆ ಮೇಜಿನ ಸುತ್ತ ಎಷ್ಟೋ ಜನ ಚಿತ್ರ ನೋಡಿದ್ದನ್ನು ಕಂಡವನು. ಯಾರೂ ಹಾಗೆ ನೋಡಿದ್ದಿಲ್ಲ. ಆಮೇಲೆ ನಾಲಿಗೆಯನ್ನು ಎಳೆದೆಳೆದು ಒಂದೇ ಒಂದು ಮಾತು ಹೇಳಿದರು.

"ಗ... ಗಡ್ಡ."

ಬೆಕ್ಕಣ್ಣನಿಗೆ ಥಟ್ಟನೆ ಹೊಳೆಯಿತು. ಗಲ್ಲದ ತುಂಬ ಕುರುಚಲು, ಅದರಲ್ಲಿ ಒಣಗಿದ ಗಂಜಿ. "ನಾನು ಸೆಲೂನಿನವನು ಯಜಮಾನರೇ," ಎಂದ. ಮುದುಕ ತಲೆಯಾಡಿಸಿದರು. ಮಗಳು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು.

ಅಂದು ಸಂಜೆ ಸಾಮಾನು ತಂದು ಬೋಳಿಸಿದ. ಜೋತುಬಿದ್ದ ಕೆನ್ನೆಯನ್ನು ಎರಡು ಬೆರಳಲ್ಲಿ ಮೇಲಕ್ಕೆ ಹಿಡಿದು, ಕತ್ತಿಯನ್ನು ಕೂದಲೆಳೆಯಷ್ಟೇ ಮುಂದೆ ಸರಿಸುತ್ತಿದ್ದ. ಆ ಕೈ ಅಷ್ಟು ನಿಧಾನವಾಗಿ ಕೆಲಸ ಮಾಡಿದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ಮುದುಕ ಮೊದಲು ಬಸ್ ಡ್ರೈವರಾಗಿದ್ದವರು. ಬಲಗೈ ಮರಳಿ ಬರಲಿಲ್ಲ, ಮಾತು ಬಂತು. ಬೇಗ ತಂದಿದ್ದರೆ ಕೈ ಉಳಿಯುತ್ತಿತ್ತೇ ಎಂದು ಬೆಕ್ಕಣ್ಣ ಕೇಳಿದ್ದಕ್ಕೆ ನರ್ಸಕ್ಕ, "ಉಳೀತಿತ್ತೇನೋ. ಹೇಳೋಕಾಗಲ್ಲ," ಎಂದಳು. ಸುಳ್ಳು ಸಮಾಧಾನ ಹೇಳುವವಳಲ್ಲ ಅವಳು. ಅವರು ಮನೆಗೆ ಹೋದ ಮೇಲೂ ವಾರ ವಾರ ಬೋಳಿಸಲು ಹೋಗುತ್ತಿದ್ದ. ಮಾತು ಕೂಡಿಬಂದ ದಿನ, ನೊರೆ ಹಚ್ಚಿಸಿಕೊಳ್ಳುತ್ತಾ, ಅವರೇ ಆ ವಿಷಯ ತೆಗೆದು ಹೇಳಿದರಂತೆ.

"ಆವತ್ತು ನೀನು ಬಂದಾಗ, ಅಬ್ಬ, ಯಾರೋ ಬಂದ್ರಪ್ಪ ಅನ್ಕೊಂಡೆ. ಟಿಕ್ ಅಂತು. ಇದೇನೋ ಡಾಕ್ಟರ ಮಿಷನ್ನು ಅಂತ ನೆಮ್ಮದಿ ಆಯ್ತು ನೋಡು! ಆಮೇಲೆ ಸದ್ದು ನಿಂತುಹೋಯ್ತು. ಇದ್ದೀಯೋ ಹೋದ್ಯೋ ತಿಳೀಲಿಲ್ಲ. ಒಂದು ಹೆಜ್ಜೆ ಸದ್ದಾದ್ರೂ ಮಾಡಬಾರದಿತ್ತಾ ಮಾರಾಯ?"

ಬೆಕ್ಕಣ್ಣ ಅದನ್ನು ನಮಗೆ ಹೇಳಿದ್ದು ಆ ಉದ್ದನೆಯ ಮೇಜಿನ ಮುಂದೆಯೇ. ಮೇಷ್ಟ್ರು ಎದ್ದು ಹೋಗಿ ಕಿಟಕಿ ತೆಗೆದರು. ಆ ಹೆಸರಿನಿಂದ ಯಾರೂ ಅವನನ್ನು ಮತ್ತೆ ಕರೆಯಲಿಲ್ಲ. ಕಥೆಗಾಗಿ ಇಲ್ಲಿ ಬಳಸಿದೆ, ಅಷ್ಟೇ.

ಅವನು ಕ್ಯಾಮೆರಾ ಬಿಡುತ್ತಾನೆ ಎಂದುಕೊಂಡಿದ್ದೆವು, ಬಿಡಲಿಲ್ಲ. ಈಗ ಎಚ್ಚರವಿರುವವರನ್ನು ತೆಗೆಯುತ್ತಾನೆ, ಮೊದಲು ಹತ್ತಿರ ಹೋಗಿ ಮಾತಾಡಿಸಿ. ಹೆಂಡತಿಗೆ ಖುಷಿ. ಚಿತ್ರಗಳು ಮಾತ್ರ ಬಹಳ ದಿನ ಸಪ್ಪೆಯಾಗಿದ್ದವು. ಮೇಷ್ಟ್ರು ಹಾಗೆಂದು ಹೇಳಿದರು ಕೂಡ, ಹೇಗೆ ಸರಿಮಾಡಬೇಕೆಂದೂ ಹೇಳಿದರು. ಆದರೆ 'ಕಾಯಿ' ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಆ ಕಾಯುವ ಕೋಣೆಯ ಚಿತ್ರವನ್ನು ಮುದುಕ ತಾವೇ ಇಟ್ಟುಕೊಂಡರು. ಮಗಳು ಇವತ್ತಿಗೂ ಅವನೊಂದಿಗೆ ಮಾತಾಡುವುದಿಲ್ಲ. ವಾರಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ, ಬಿಸಿನೀರಿನ ಬಟ್ಟಲು ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಾಳೆ. "ಅಷ್ಟಾದ್ರೂ ಮಾಡ್ತಾರಲ್ಲ ಅಣ್ಣ," ಎನ್ನುತ್ತಾನೆ ಅವನು.