ಮಲ್ಬೆರಿ ಫ್ಲ್ಯಾಟಿನ ಸಿಮೆಂಟು ಮೆಟ್ಟಿಲು

ವರ್ಲೀನ್ ಟ್ಯಾಕೆಟ್‌ಗೆ ಮಾತೆಂದರೆ ಪ್ರಾಣ. ಅಂಥವಳ ಹಣೆಯಲ್ಲಿ ದೇವರು ಟೆಕ್ಸಸ್ಸಿನ ಈ ಬೋಳು ಬಯಲನ್ನು ಬರೆದನಲ್ಲ, ಅವನಿಗೇನು ಹೇಳೋಣ! ದೊಡ್ಡ ಹೆದ್ದಾರಿ ಬಂದು ಅರವತ್ತಾರನೇ ನಂಬರಿನ ರಸ್ತೆಯ ಗಾಡಿಗಳನ್ನೆಲ್ಲ ಬಾಚಿಕೊಂಡು ಹೋದ ಮೇಲೆ ಮಲ್ಬೆರಿ ಫ್ಲ್ಯಾಟ್ ಎಂಬ ಊರಿನಲ್ಲಿ ಉಳಿದದ್ದು ಏಳು ಮನೆ, ಒಂದು ಚರ್ಚು, ಇವಳದೊಂದು ಪೆಟ್ರೋಲ್ ಬಂಕು. ಬಂಕಿನಲ್ಲಿ ಪೆಟ್ರೋಲ್ ನಿಂತು ಮೂವತ್ತು ವರ್ಷ. ಗಂಡ ಹಾರ್ಲನ್ ತೀರಿಹೋಗಿ ಹನ್ನೊಂದು. ಮಕ್ಕಳಾಗಲಿಲ್ಲ.

ಆದರೂ ಎಪ್ಪತ್ತಾರರ ಆ ಹೆಂಗಸು ದಿನಾ ಬೆಳಿಗ್ಗೆ ಏಳಕ್ಕೆ ಬಂಕಿನ ಬಾಗಿಲು ತೆರೆದು ಕಾಫಿ ಕಾಯಿಸುತ್ತಿದ್ದಳು. ಹಳೇ ರಸ್ತೆಯ ಹುಚ್ಚು ಹಿಡಿದವರು ಲೋಕದಲ್ಲಿ ಇದ್ದಾರೆ ನೋಡಿ, ಚಿಕಾಗೋದಲ್ಲಿ ಹೊರಟು ಪಡುವಣ ಕಡಲು ಮುಟ್ಟುವ ತನಕ ಹಳೇ ದಾರಿಯನ್ನೇ ಹುಡುಕಿಕೊಂಡು ಹೋಗುವವರು. ಅಂಥವರ ನಾಲ್ಕೈದು ಕಾರು ವಾರಕ್ಕೆ ಬರುತ್ತಿದ್ದವು. ಅವರ ಕೈಯಲ್ಲಿ ವೆಂಡೆಲ್ ಸ್ಟ್ರೋಮ್ ಎಂಬಾತ ಅಚ್ಚು ಹಾಕಿಸುವ ನಕ್ಷೆ. ಅದರಲ್ಲಿ ಕೆಂಪು ಗೆರೆ ಎಳೆದ ಕಡೆ ಬಿಟ್ಟು ಒಂದಿಂಚು ಆಚೆ ಹೋಗುವ ಜನ ಅಲ್ಲ ಅವರು. ಗೆರೆ ವರ್ಲೀನಳ ಬಾಗಿಲ ಮುಂದೆಯೇ ಹಾದಿತ್ತು. ಬಂದವರನ್ನು ಕೂರಿಸಿ, ಮಜ್ಜಿಗೆ ಹಾಕಿ ಬೇಯಿಸಿದ ಪೈ ಎಂಬ ಸಿಹಿ ಕೊಟ್ಟು, ರಸ್ತೆಯ ಕಥೆ ಹೇಳಿ, ಪುಸ್ತಕದಲ್ಲಿ ಹೆಸರು ಬರೆಸಿಕೊಂಡೇ ಕಳಿಸುತ್ತಿದ್ದಳು.

ನಮ್ಮ ಈ ಬಯಲಲ್ಲಿ ಎದುರಾದ ಗಾಡಿಗೆ ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಬೇಕು. ಎತ್ತದವನು ಹೊರಗಿನವನು. ಕಾರೇ ಬಾರದ ದಿನ ವರ್ಲೀನ್ ಕಿಟಕಿಯಲ್ಲಿ ಕೂತು ಕಾಗೆಗೂ ಬೆರಳೆತ್ತಿದ್ದನ್ನು ನೋಡಿದವರಿದ್ದಾರೆ. ನಗಬೇಡಿ.

ಮಾರ್ಚ್ ತಿಂಗಳಲ್ಲಿ ಆ ಸ್ಟ್ರೋಮ್ ತಾನೇ ಬಂದ. ನಕ್ಷೆಯನ್ನು ಹೊಸದಾಗಿ ತೆಗೆಯುವವನಿದ್ದ.

"ಒಂದು ಅನುಮಾನ ಅಮ್ಮಾ. ಮೊದಲ್ನೇ ರಸ್ತೆ ರೈಲು ಹಳಿ ಪಕ್ಕ, ಒಂದು ಮೈಲಿ ತೆಂಕಲಾಗಿ ಇತ್ತು ಅಂತ ಒಬ್ರು ಅಂತಾರೆ. ಆದ್ರೆ ನಿಮ್ಮ ಬೋರ್ಡಲ್ಲಿ 'ಸಾವಿರದ ಒಂಬೈನೂರ ಇಪ್ಪತ್ತಾರರಿಂದ ಇಲ್ಲೇ' ಅಂತಿದೆ. ಕಣ್ಣಾರೆ ಕಂಡೋರು ಅಂತ ಉಳಿದಿರೋದು ನೀವೊಬ್ರೇ. ನೀವು ಹೇಳಿದ್ದೇ ಕೊನೆ ಮಾತು."

ಪೈ ಕೊಯ್ಯುತ್ತಿದ್ದ ವರ್ಲೀನಳ ಕೈ ನಿಂತಿತು. ಬೋರ್ಡು ಬರೆದವಳು ಅವಳೇ. ಅದು ಹಸಿ ಸುಳ್ಳು. ಮೂವತ್ತೇಳರಲ್ಲಿ ಸರ್ಕಾರ ರಸ್ತೆಯನ್ನು ಬಡಗಲಿಗೆ ಸರಿಸಿದಾಗ ಬಂಕೂ ಅದರ ಹಿಂದೆಯೇ ಬಂತು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ರಸ್ತೆ ಹೋದಲ್ಲಿಗೆ ಅಂಗಡಿ. ಇಡೀ ಕಟ್ಟಡವನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ ಎರಡು ಟ್ರಾಕ್ಟರು ಎಳೆದದ್ದನ್ನು ನೋಡಲು ಶಾಲೆಗೇ ರಜೆ ಕೊಟ್ಟಿದ್ದರು. ಏಳು ವರ್ಷದ ವರ್ಲೀನ್ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಬಂಕಿನವರ ಮಗ, ಎಂಟು ವರ್ಷದ ಹಾರ್ಲನ್, ಚಾವಣಿ ಹತ್ತಿ ಕೂತು ರಾಜನ ಹಾಗೆ ಕೈ ಬೀಸಿದ್ದ.

ನಿಜ ಹೇಳಿದರೆ ಕೆಂಪು ಗೆರೆ ರೈಲು ಹಳಿ ದಾಟಿ, ಅದೇ ಊರಿನ ರಾಸ್ಕೊ ಪ್ರೂಯಿಟ್‌ನ ದನದ ಹುಲ್ಲುಗಾವಲಿನ ಮಣ್ಣು ದಾರಿಗೆ ಹೋಗುತ್ತದೆ. ಆಮೇಲೆ ಇವಳ ಬಾಗಿಲಿಗೆ ನರಪಿಳ್ಳೆ ಬಾರದು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲೇ ಇತ್ತಪ್ಪಾ, ಇನ್ನೆಲ್ಲಿರುತ್ತೆ?" ಎಂದಳು.

ಆತ ಬರೆದುಕೊಂಡ. ಎರಡು ತುಂಡು ಪೈ ತಿಂದ. ಟೋಪಿ ಹಾಕಿಕೊಂಡು ಬಾಗಿಲಿಗೆ ಹೋದಾಗ ವರ್ಲೀನಳ ಕಿವಿಯಲ್ಲಿ ಸತ್ತ ಗಂಡನ ಗೊಣಗಾಟ ಕೇಳಿತು. ಅವಳು ಬೋರ್ಡು ಬರೆದ ದಿನ ಅವನು ಹೇಳಿದ್ದು ಅದು: "ಸುಳ್ಳು ಬರೀಬೇಡ ಕಣೇ. ನನ್ನ ಕೈ ಅಲ್ಲಿದೆ."

"ತಡಿಯಪ್ಪಾ," ಎಂದಳು. "ಅದನ್ನ ಹೊಡೆದು ಹಾಕು. ಗಾಡಿ ತೆಗಿ, ತೋರಿಸ್ತೀನಿ."

ಹುಲ್ಲುಗಾವಲಿನಲ್ಲಿ ಹಳೇ ಬಂಕಿನದು ಅಂತ ಉಳಿದಿದ್ದದ್ದು ಸಿಮೆಂಟಿನ ಮೂರು ಮೆಟ್ಟಿಲು ಮಾತ್ರ. ಅವನ್ನು ಎತ್ತಿ ಸಾಗಿಸಲು ಆಗಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ, ಹಸಿ ಸಿಮೆಂಟಿಗೆ ಒತ್ತಿದ ಪುಟ್ಟ ಅಂಗೈ, ಐದೂ ಬೆರಳು. ಐದು ವರ್ಷದವನಿದ್ದಾಗ ಹಾರ್ಲನ್ ಮಾಡಿದ ಕಿತಾಪತಿ. ಅಪ್ಪನಿಂದ ಚೆನ್ನಾಗಿ ಒದೆ ತಿಂದಿದ್ದ. ವರ್ಲೀನ್ ಸೆರಗಿಲ್ಲದ ಹೆಂಗಸು, ಅಂಗಿಯ ತೋಳಿನಿಂದಲೇ ಧೂಳು ಒರೆಸಿದಳು.

"ಇವ್ರೇ ನಮ್ಮನೆಯವ್ರು," ಎಂದಳು.

ಸ್ಟ್ರೋಮ್ ಟೋಪಿ ತೆಗೆದ.

ರಾಸ್ಕೊಗೆ ಸುದ್ದಿ ತಲುಪಿದ್ದೇ ತಡ, ಓಡಿ ಬಂದು ಬೈದ. "ಏನೇ ವರ್ಲೀನ್, ತಲೆ ಕೆಟ್ಟಿತ್ತಾ ನಿಂಗೆ? ಬಾಯಿ ಮುಚ್ಕೊಂಡಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು? ಈಗ ನನ್ನ ದನಗಳಿಗೆ ನೆಂಟರು, ನಿಂಗೆ ನೊಣ!"

"ನಿನ್ನ ದನಗಳಿಗಾದ್ರೂ ನಾಲ್ಕು ಒಳ್ಳೆ ಮಾತು ಕೇಳ್ಲಿ ಬಿಡೋ. ನಿನ್ನ ಹತ್ರ ಇದ್ದೂ ಇದ್ದೂ ಸಾಕಾಗಿದೆ ಅವಕ್ಕೆ," ಎಂದಳು ಅವಳು. ಬಾಯಿಗೇನೂ ಕಮ್ಮಿ ಇರಲಿಲ್ಲ.

ಜೂನಿನಲ್ಲಿ ಹೊಸ ನಕ್ಷೆ ಬಂತು. ಮೊದಲ ವಾರ ಒಬ್ಬರು ತಪ್ಪಿ ಬಂದು ಕಾಫಿ ಕುಡಿದು ಹೋದರು. ಆಮೇಲೆ ಯಾರೂ ಇಲ್ಲ. ಕಿಟಕಿಯಲ್ಲಿ ಕೂತರೆ ತೆಂಕಲಲ್ಲಿ, ಹಳಿಯ ಆಚೆ, ಧೂಳೇಳುವುದು ಕಾಣುತ್ತಿತ್ತು. ಧೂಳಿನ ಎತ್ತರ ನೋಡಿ ಇದು ಕಾರು, ಇದು ಮೋಟಾರ್‌ಸೈಕಲ್ಲು ಎಂದು ಅಂದಾಜು ಕಟ್ಟುತ್ತಿದ್ದಳು. ಪುಸ್ತಕ ಅದೇ ಪುಟದಲ್ಲಿ ತೆರೆದು ಬಿದ್ದಿತ್ತು. ಮಾಡಿದ ಪೈಯನ್ನು ಒಬ್ಬಳೇ ನಾಲ್ಕು ದಿನ ತಿನ್ನುವಳು. ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಗಳಗಳನೆ ಅತ್ತಳು. ನಿಜ ಹೇಳಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಗಂಡನನ್ನೂ ಬೈದಳು.

ಆಗಸ್ಟಿನ ಒಂದು ಬೆಳಿಗ್ಗೆ ಬಂಕಿಗೆ ಬೀಗ ಹಾಕಿದಳು. ಕಾಫಿಯ ಫ್ಲಾಸ್ಕು, ಪೈ, ಪುಸ್ತಕ, ಒಂದು ಕೊಡೆ ಇಷ್ಟನ್ನು ಹಳೇ ಪಿಕಪ್ಪಿಗೆ ಹಾಕಿಕೊಂಡು ಹುಲ್ಲುಗಾವಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಸುತ್ತ ಹುಲ್ಲು, ಬಿಸಿಲು, ರಾಸ್ಕೊನ ದನ. ಹನ್ನೊಂದರ ಹೊತ್ತಿಗೆ ಒಂದು ಕಾರು ಬಂತು. ಬೆರಳೆತ್ತಿದಳು. ಅವನು ಎತ್ತಲಿಲ್ಲ, ನಿಲ್ಲಿಸಲೂ ಇಲ್ಲ. ಧೂಳು ಕುಡಿದುಕೊಂಡು ಕೂತೇ ಇದ್ದಳು.

ಮೂರು ಗಂಟೆಗೆ ಇನ್ನೊಂದು ಬಂದು ನಿಂತಿತು. ನಕ್ಷೆ ಹಿಡಿದ ಒಬ್ಬಳು ಹುಡುಗಿ, ಒಂಟಿಯಾಗಿ ಬಂದವಳು, ಕಿಟಕಿ ಇಳಿಸಿ ಸುತ್ತ ನೋಡಿದಳು. ಮುಖ ಸಪ್ಪಗಾಯಿತು.

"ಇಲ್ಲೊಂದು ಬಂಕಿತ್ತಂತಲ್ಲ ಅಜ್ಜಿ. ಈಗೇನೂ ಇಲ್ವಾ?"

"ಇಲ್ದೇ ಏನು? ನಾವಿಬ್ರೂ ಇದೀವಲ್ಲ," ಎಂದು ವರ್ಲೀನ್ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬಾ, ಕೂತ್ಕೊ. ಆ ಕೈ ಮೇಲೆ ಮಾತ್ರ ಕಾಲಿಡ್ಬೇಡ."